ಬೂಬವ್ವ ಒಡೆಯದ ಬಳೆ

ಆಕೆಯ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮದ ಮೇಲೆ ಸಣ್ಣ ಸಣ್ಣ ಬಿಳಿ ಗೆರೆಗಳಿದ್ದವು. ಗಾಜು ಕುಯ್ದು, ಒಣಗಿ, ಉಳಿದ ಗುರುತುಗಳು. ಚಿಕ್ಕವಳಿದ್ದಾಗ ನಾನು ಅವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. "ಬಳಿ ಒಡದು ಹಿಂಗ ಆತೇನ ಬೂಬವ್ವಾ?" ಎಂದರೆ ಸಾಕು, "ನಾ ಬಳಿ ಒಡಿಯಾಕೇನ? ತೌಬಾ! ಯಾರ ಮುಂದರ ಅಂದಗಿಂದಿ ಮತ್ತ, ನನ್ನ ವ್ಯಾಪಾರ ಕೆಡತೈತಿ" ಎಂದು ನನ್ನ ಕಿವಿ ಹಿಂಡುತ್ತಿದ್ದಳು.

ಮುಸ್ಲಿಂ ಮನೆತನದ ಹಿರಿಯ ಹೆಣ್ಣುಮಗಳನ್ನು ನಮ್ಮ ಕಡೆ ಕರೆಯುವ ಹಾಗೆ ಊರಿನವರೆಲ್ಲ ಆಕೆಯನ್ನು ಬೂಬವ್ವ ಎನ್ನುತ್ತಿದ್ದರು. ಕಾರಟಗಿಯಲ್ಲಿ ಮನೆ. ಎರಡೂ ಕೈಯಲ್ಲಿ ಬಳೆಯ ಚೀಲ ತೂಗಿಸಿಕೊಂಡು ಬೆಳಗಿನ ಬಸ್ಸಿಗೆ ಕಾಲುವೆ ಪಕ್ಕದ ನಮ್ಮೂರಿಗೆ ಬರುತ್ತಿದ್ದಳು. ಇಳಿಯುವಾಗ ಕಂಡಕ್ಟರನಿಗೆ ಬೈಗುಳ ತಪ್ಪುತ್ತಿರಲಿಲ್ಲ. "ಮೆಲ್ಲಕ ಹೊಡಿ ಅಂತ ಹೇಳಪಾ ಡ್ರೈವರಗ. ಗಾಜು ಐತಿ ಇದರಾಗ, ನಿನ್ನ ತೆಲಿ ಅಲ್ಲ!"

ಬಳೆ ಇಡುವುದರಲ್ಲಿ ಆಕೆಯನ್ನು ಮೀರಿಸುವವರು ಇರಲಿಲ್ಲ. ಸೋಪಿನ ನೀರಲ್ಲಿ ಅದ್ದಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳನ್ನು ಒಳಗೆ ಮಡಚಿ, ಗೆಣ್ಣುಗಳನ್ನು ಮೆಲ್ಲಗೆ ಅದುಮುತ್ತ, ನಿಮ್ಮ ಅತ್ತೆಯದೋ ಎಮ್ಮೆಯದೋ ಸುದ್ದಿ ತೆಗೆಯುತ್ತಿದ್ದಳು. ನೀವು ನಗುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು. ಅದಕ್ಕೇ ಮದುವೆಯ ಹಸಿರು ಬಳೆ ಇಡಿಸಲು ಆಕೆಯೇ ಬೇಕು. ಬೀಗರ ಕಡೆಯ ಹೆಂಗಸರ ಎದುರು ಮದುಮಗಳಿಗೆ ಬಳೆ ಇಡುವಾಗ ಒಂದು ಒಡೆದರೆ ಎಲ್ಲರ ಮುಖ ಸಣ್ಣದಾಗುತ್ತಿತ್ತು. ಸಾಲಾಗಿ ಮೂರು ಒಡೆದರೆ ಮುಗಿಯಿತು, ಸಂಬಂಧವೇ ಬೇಡ ಎಂದು ಎದ್ದು ಹೋಗುತ್ತಿದ್ದರು.

ನನಗೆ ಗಂಡು ಗೊತ್ತಾದಾಗ ನಾನು ಒಂಬತ್ತನೆಯ ಕ್ಲಾಸು. ಪಕ್ಕದ ಓಣಿಯ ಹುಡುಗಿಯೊಬ್ಬಳು ಫೋನಿನಲ್ಲಿ ಪರಿಚಯವಾದ ಹುಡುಗನ ಜೊತೆ ಹೋಗಿದ್ದೇ ನೆಪವಾಗಿ, ಹೆಣ್ಣು ಹೆತ್ತ ಮನೆಗಳಿಗೆಲ್ಲ ಚಳಿಜ್ವರ ಬಂದಂತಾಗಿತ್ತು. "ಮನಿತನದ ಮರ್ಯಾದಿ ಹೋದ್ರ ನೀ ತಂದುಕೊಡ್ತೀಯೇನ?" ಎಂದು ಅವ್ವ ನನ್ನ ಬಾಯಿ ಮುಚ್ಚಿಸಿದಳು. ಹದಿನೆಂಟು ತುಂಬದೆ ಮದುವೆ ಮಾಡಬೇಡಿ ಎಂದು ಪಂಚಾಯಿತಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಬೀಗರು ಆ ಗೋಡೆಯ ನೆರಳಿಗೇ ಬೈಕು ನಿಲ್ಲಿಸಿ ನಮ್ಮ ಮನೆಗೆ ಬಂದರು. ಏನು ಹೇಳೋಣ ಇಂಥ ಮಂದಿಗೆ!

ಬೂಬವ್ವ ನನ್ನ ಕೈ ಹಿಡಿದಳು. ಎಲುಬುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಆವತ್ತು ಯಾವ ಸುದ್ದಿಯನ್ನೂ ತೆಗೆಯಲಿಲ್ಲ. ಮೊದಲನೆಯ ಬಳೆ ಟಪ್ಪೆಂದಿತು. ಎರಡನೆಯದೂ ಹೋಯಿತು. ಮೂರನೆಯದು ಒಡೆದಾಗ ಆಕೆಯ ಬೆರಳಿಂದ ರಕ್ತ ಇಳಿಯಿತು. "ಯಾ ಅಲ್ಲಾ, ಈ ಕೈ ಒಪ್ಪವಲ್ದಲ್ಲವ್ವಾ!" ಎಂದು ಹಣೆ ಚಚ್ಚಿಕೊಂಡಳು. ಗಂಡಿನ ತಾಯಿ ಸೆರಗು ಕೊಡವಿ ಎದ್ದಳು. ಅವ್ವ ನನ್ನ ಹಣೆಬರಹವನ್ನು ಬೈಯುತ್ತ ಅಳುತ್ತಿರುವಾಗ, ಗಾಜಿನ ಚೂರು ಆರಿಸುವ ನೆಪದಲ್ಲಿ ಬೂಬವ್ವ ನನ್ನ ಕಿವಿಯ ಹತ್ತಿರ ಬಂದು, "ನಾಳೆ ಸಾಲಿಗಿ ಹೋಗು" ಎಂದಳು.

ಆಗ ನನಗೆ ಎಲ್ಲವೂ ತಿಳಿಯಿತು.

ಎಷ್ಟೋ ದಿನಗಳ ಮೇಲೆ, ಆಕೆ ಒಬ್ಬಳೇ ಸಿಕ್ಕಾಗ, ಪೊಲೀಸರಿಗೆ ಹೇಳಬಹುದಿತ್ತಲ್ಲ ಎಂದು ಕೇಳಿದೆ. "ಹೇಳಿದ್ದೆ ಒಮ್ಮಿ, ಬ್ಯಾರೆ ಹುಡುಗಿದು. ಬಂದ್ರು, ಬರಸ್ಕೊಂಡ್ರು, ಚಾ ಕುಡದ್ರು, ಹೋದ್ರು. ಮುಂದಿನ ವಾರ ಬ್ಯಾರೆ ಊರಾಗ ಒಯ್ದು ಮದಿವಿ ಮಾಡಿದ್ರು. ನಿಮ್ಮ ಮಂದಿ ಕಾಯ್ದೇಕ ಅಂಜಂಗಿಲ್ಲ ಬೇಟಿ, ನಮ್ಮ ಮಂದೀನೂ ಅಷ್ಟ. ಒಡದ ಬಳಿಗಿ ಅಂಜತಾರ." ಎಲುಬು ಬಲಿಯದ ಕೈ ಎಂದು ಗೊತ್ತಾದರೆ ಒಡೆಯುವುದು, ಅದು ಆಕೆಯ ಲೆಕ್ಕ. "ವಯಸ್ಸು ಕೇಳಿದ್ರ ಎಲ್ಲಾರೂ ಸುಳ್ಳ ಹೇಳತಾರ. ಕೈ ಸುಳ್ಳ ಹೇಳಂಗಿಲ್ಲ." ತನ್ನ ಮಣಿಕಟ್ಟನ್ನು ಸವರುತ್ತ, "ನನಗ ಇಟ್ಟಾಗ ಕೈ ಎಷ್ಟ ಸಣ್ಣದಿತ್ತಂದ್ರ ಬಳಿ ಮೊಣಕೈತನ ಏರತಿದ್ದು. ಯಾರೂ ಒಡೀಲಿಲ್ಲ" ಎಂದಳು.

ಬಳೆ ಒಡೆದ ಹುಡುಗಿ ಎಂಬ ಹೆಸರು ಬಿದ್ದ ಮೇಲೆ ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಕೆಟ್ಟ ಹೆಸರು ಬಂದರೆ ಇಂಥದ್ದೇ ಬರಲಿ! ಬೇರೆ ದಾರಿ ಕಾಣದೆ ಅಪ್ಪ ನನ್ನನ್ನು ಕೊಪ್ಪಳದ ಹಾಸ್ಟೆಲಿಗೆ ಹಾಕಿದ. ನಾನು ಓದಿದೆ.

ನನಗೊಬ್ಬಳು ತಂಗಿ ಇದ್ದಳು. ಸಣ್ಣವಳಿದ್ದಾಗಿನಿಂದ ತೆಲುಗು ಮಂದಿಯೇ ಹೆಚ್ಚಿರುವ ಶ್ರೀರಾಮನಗರದಲ್ಲಿ ಅಜ್ಜಿಯ ಹತ್ತಿರ ಬೆಳೆದವಳು. ಅರ್ಧ ತೆಲುಗು ಅರ್ಧ ಕನ್ನಡ ಬೆರೆಸಿ ಮಾತಾಡಿ ನನ್ನನ್ನು ನಗಿಸಿ ನಗಿಸಿ ಸಾಯಿಸುತ್ತಿದ್ದಳು. ಸಾಲಿ ಬಿಡಿಸಿ ಭತ್ತದ ನಾಟಿಗೆ ಕಳಿಸುತ್ತಿದ್ದರು. ಕೆಸರಲ್ಲಿ ಸಸಿ ಊರಿ ಊರಿ, ಹುಲ್ಲಿನ ಹೊರೆ ಹೊತ್ತು, ಅವಳ ಕೈ ದೊಡ್ಡ ಹೆಂಗಸಿನ ಕೈಯಾಗಿತ್ತು. ನನ್ನ ಕೈ ಪಕ್ಕದಲ್ಲಿಟ್ಟು, "ಚೂಡು ಅಕ್ಕಾ, ನಾನ ನಿನಗಿಂತ ದೊಡ್ಡಾಕಿ" ಎಂದು ಹಂಗಿಸುತ್ತಿದ್ದಳು. ಮುಖ ಮಾತ್ರ ಇನ್ನೂ ಮಗುವಿನದು.

ನಾನು ಪಿಯುಸಿಯಲ್ಲಿದ್ದಾಗ ಅವಳ ಮದುವೆ ಗೊತ್ತು ಮಾಡಿದರು, ಕುಷ್ಟಗಿ ಕಡೆಯ ಹಳ್ಳಿಗೆ. ನನಗೆ ಸುಳಿವು ಕೊಡಲಿಲ್ಲ. ಫೋನು ಬಂದದ್ದು ಅಕ್ಕಿಕಾಳು ಬಿದ್ದು ಮದುವೆ ಮುಗಿದ ಮೇಲೆ. ಬಳೆ ಇಟ್ಟ ದಿನ ನಡೆದದ್ದನ್ನು ಪಕ್ಕದ ಮನೆಯ ಚಿಗವ್ವ ಆಮೇಲೆ ಹೇಳಿದಳು. ಬೂಬವ್ವ ತಂಗಿಯನ್ನು ಎಂದೂ ನೋಡಿರಲಿಲ್ಲ. "ಇಕಿ ಯಾರವ್ವಾ?" ಎಂದು ಕೇಳಿದ್ದಾಳೆ. "ಹಿರಿಯಾಕಿ ಬೂಬವ್ವಾ. ನಮ್ಮವ್ವನ ಮನ್ಯಾಗ ಬೆಳದಾಳ" ಎಂದಿದ್ದಾಳೆ ನಮ್ಮವ್ವ. ಅಲ್ಲಿ ಕೂತ ನಮ್ಮೂರ ಹೆಂಗಸರಿಗೆಲ್ಲ ನಿಜ ಗೊತ್ತಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ. ಬೂಬವ್ವ ಕೈ ಒತ್ತಿ ನೋಡಿದಳಂತೆ. ಎಲುಬು ಗಟ್ಟಿ, ಅಂಗೈ ಒರಟು. ತೃಪ್ತಿಯಾಗಿ, ಸುದ್ದಿ ಹೇಳುತ್ತ, ನಗಿಸುತ್ತ, ಎರಡೂ ಕೈ ತುಂಬ ಇಟ್ಟಳಂತೆ. ಒಂದೂ ಒಡೆಯಲಿಲ್ಲ. ಎಂಥ ಭಾಗ್ಯವಂತಿ ಎಂದು ಬೀಗರು ಹಿಗ್ಗಿದರಂತೆ.

ಮರುವರ್ಷ ಚೊಚ್ಚಲ ಹೆರಿಗೆಯಲ್ಲಿ ತಂಗಿ ಹೋದಳು. ಕೂಸೂ ಉಳಿಯಲಿಲ್ಲ.

ಗಂಡನಿರುವಾಗ ಹೋದ ಹೆಣ್ಣಿಗೆ ಹೊಸ ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಟ್ಟು ಕಳಿಸುವುದು ನಮ್ಮಲ್ಲಿ ಪದ್ಧತಿ. ಯಾರೂ ಹೇಳಿಕಳಿಸದಿದ್ದರೂ ಬೂಬವ್ವ ಎರಡು ಬಸ್ಸು ಬದಲಿಸಿ ಬಂದಳು. "ಮದಿವಿ ಬಳಿ ನಾ ಇಟ್ಟೀನಿ, ಇವೂ ನಾನ ಇಡತೀನಿ" ಎಂದು ಹೆಣದ ಪಕ್ಕ ಕೂತಳು. ಸೆಟೆದ ಕೈಯನ್ನು ಮಡಿಲಿಗೆ ತೆಗೆದುಕೊಂಡು, "ಸ್ವಲ್ಪ ಸಡ್ಲ ಬಿಡು ಬೇಟಿ, ನೋಯಂಗಿಲ್ಲ" ಎಂದು ಜೀವ ಇದ್ದವಳಿಗೆ ಹೇಳುವಂತೆ ಹೇಳುತ್ತ ಒಂದೊಂದೇ ಏರಿಸಿದಳು. ನಾನು ಎದುರಿಗೆ ಕೂತಿದ್ದೆ. "ಅಳಬ್ಯಾಡವಾ. ನಿಮ್ಮಕ್ಕ ಪುಣ್ಯವಂತಿ..." ಎಂದಳು.

"ಅಕ್ಕ ಅಲ್ಲ ಬೂಬವ್ವಾ, ನನ್ನ ತಂಗಿ."

ಬಳೆ ಹಿಡಿದ ಆಕೆಯ ಕೈ ಅಲ್ಲೇ ನಿಂತಿತು. ಅವ್ವನ ಕಡೆ ನೋಡಿದಳು. ಅವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಬೂಬವ್ವ ಉಳಿದ ಬಳೆಗಳನ್ನು ಇಟ್ಟು ಮುಗಿಸಿದಳು. ಆಮೇಲೆ ತಂಗಿಯ ಮುಖವನ್ನೇ ನೋಡುತ್ತ ಕೂತುಬಿಟ್ಟಳು. "ಮಕಾ ನೋಡಿದ್ರ ಗೊತ್ತಾಗತಿತ್ತು. ನಾ ಕೈ ನೋಡಿದೆ" ಎಂದಳು. ಅಷ್ಟೇ. ಅವ್ವನಿಗೆ ಎಂದಾದರೂ ಪೂರ್ತಿ ಕ್ಷಮೆ ಕೊಟ್ಟೇನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಬೂಬವ್ವ ಬಳೆ ಮುಟ್ಟಲಿಲ್ಲ. ಸೊಸೆ ಕಾರಟಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟರೆ ಅತ್ತ ಹೆಜ್ಜೆ ಹಾಕಲಿಲ್ಲ. ನಾನು ಗಂಗಾವತಿಯಲ್ಲಿ ಶಿಕ್ಷಕಿಯಾದ ಮೇಲೆ ರಜೆಯಿದ್ದಾಗೆಲ್ಲ ಹೋಗಿ ಕೂರುತ್ತಿದ್ದೆ. ನಿನ್ನದೇನೂ ತಪ್ಪಿಲ್ಲ, ಸುಳ್ಳು ಹೇಳಿದವರು ನಾವು, ನೋಡು ನನ್ನನ್ನು ಉಳಿಸಿದಾಕಿ ನೀನೇ ಎಂದು ಪರಿಪರಿಯಾಗಿ ಹೇಳುತ್ತಿದ್ದೆ. "ನೀ ಉಳಿದಿ ಬಿಡು. ಆಕೀ?" ಎನ್ನುತ್ತಿದ್ದಳು.

ಬರಬರುತ್ತ ಆಕೆಗೆ ನೆನಪು ಜಾರತೊಡಗಿತು. ಮಗನನ್ನು ಗುರುತು ಹಿಡಿಯುತ್ತಿರಲಿಲ್ಲ, ಉಂಡದ್ದು ಮರೆತು ಮತ್ತೆ ರೊಟ್ಟಿ ಕೇಳುತ್ತಿದ್ದಳು. ಮರೆಯಬೇಕಾದ ಒಂದನ್ನು ಮಾತ್ರ ಮರೆಯಲಿಲ್ಲ. ಈ ಬೇಸಿಗೆಯಲ್ಲಿ ಹೋದಾಗ ಮಂಚದ ಮೇಲೆ ಒಣಗಿದ ಹಾಗೆ ಮಲಗಿದ್ದಳು. ನನ್ನನ್ನು ಬಹಳ ಹೊತ್ತು ದಿಟ್ಟಿಸಿದಳು.

"ನೀ ಹಿರಿಯಾಕೇನ, ಕಿರಿಯಾಕೇನ?"

"ಕಿರಿಯಾಕಿ, ಬೂಬವ್ವಾ" ಎಂದೆ.

"ಆರಾಮ ಅದೀಯೇನ?"

"ಆರಾಮ ಅದೀನಿ."

"ಸಾಲಿಗಿ ಹೊಂಟೀಯೇನ?"

"ಹೊಂಟೀನಿ."

ಆಕೆಯ ಮುಖದಲ್ಲಿ ನಗು ಮೂಡಿತು. ಎಷ್ಟು ವರ್ಷಗಳಾಗಿದ್ದವೋ ನಾನು ಅದನ್ನು ನೋಡಿ. "ಹಂಗಾರ ಇಲ್ಯಾಕ ಕುಂತೀ? ಓಡು, ಹೊತ್ತಾತು" ಎಂದು ನನ್ನನ್ನು ತಳ್ಳಿದಳು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಅದೇ ವಾರ ಬೂಬವ್ವ ತೀರಿಕೊಂಡಳು. ನನ್ನ ಬದುಕು ಉಳಿಸಿದವಳಿಗೆ ನನ್ನಿಂದ ಕೊಡಲಾದದ್ದು ತಂಗಿಯಾಗಿ ಹೇಳಿದ ಆ ಒಂದು ಸುಳ್ಳು. ಆಕೆ ಅದನ್ನು ನಂಬಿಕೊಂಡೇ ಹೋದಳು.