ನೆವಿಲ್‌ನ ಹನ್ನೆರಡನೇ ರೇಡಿಯೊ

ಫೋನು ಹಿಡಿಯದ ನಮ್ಮ ಗಿಪ್ಸ್‌ಲ್ಯಾಂಡ್ ಕಣಿವೆಯಲ್ಲಿ, ಬೆಂಕಿ ಆರಿಸುವ ನಮ್ಮ ತಂಡದ ಹನ್ನೆರಡು ಹಳೆಯ ವಾಕಿಟಾಕಿ ರೇಡಿಯೊಗಳಿಗೆ ಚಾನೆಲ್ ತುಂಬಬಲ್ಲವನು ನೆವಿಲ್ ಒಬ್ಬನೇ. ಅವನ ಮೂವತ್ತು ವರ್ಷದ ಕಂಪ್ಯೂಟರಿನ ಮಾತನ್ನಷ್ಟೇ ಅವು ಕೇಳುತ್ತಿದ್ದವು. ಎಲ್ಲರದೂ ಮುಗಿದ ಮೇಲೆಯೇ ತನ್ನದು ಎಂಬುದು ಅವನ ಹಟ. ಈ ಬೇಸಿಗೆಯಲ್ಲಿ ಹಳೆಯದರ ಬದಲಿಗೆ ಹೊಸ ಚಾನೆಲ್ ಬಂತು. ಹನ್ನೊಂದು ರೇಡಿಯೊ ಮುಗಿಯುತ್ತಲೇ ಕಂಪ್ಯೂಟರ್ ಕಣ್ಣು ಮುಚ್ಚಿತು.

“ನನ್ನ ಲ್ಯಾಪ್‌ಟಾಪ್ ತಗೊಳ್ಳೋ, ಮುದಿಗೂಬೆ,” ಎಂದಳು ಹೆಂಡತಿ ಮಾರ್ಲೀನ್.

“ಅದರ ವೇಗ ತಾಳದೆ ಈ ಹಳೇ ರೇಡಿಯೊ ಸತ್ತೇ ಹೋಗುತ್ತೆ ಕಣೇ.”

ಮಂಗಳವಾರ ಮಧ್ಯಾಹ್ನ ಕಾಡಿಗೆ ಬೆಂಕಿ ಬಿತ್ತು. ಮಾರ್ಲೀನ್ ನೀರಿನ ಲಾರಿ ಓಡಿಸಿಕೊಂಡು ಇಳಿಜಾರಿಗೆ ಹೋದಳು. ಗಾಳಿ ಅವಳತ್ತ ತಿರುಗಿದ್ದನ್ನು ಗುಡ್ಡದ ಮೇಲೆ ಕಾವಲಿದ್ದ ನೆವಿಲ್ ಮೊದಲು ಕಂಡ. ತನ್ನ ರೇಡಿಯೊದಲ್ಲಿ ಉಳಿದಿದ್ದ ಹಳೆಯ ಚಾನೆಲ್ಲಿನಲ್ಲಿ ಅವಳ ಹೆಸರು ಹಿಡಿದು ಕೂಗಿದ, ಕೂಗುತ್ತಲೇ ಇದ್ದ. ಆ ಚಾನೆಲ್ಲಿನಿಂದ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಹೊಸದಕ್ಕೆ ಕಳಿಸಿದವನು ಅವನೇ.