ತಾಯಣ್ಣನ ಮುಂಗೈ ಮಿಷನ್ನು

ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದ ಹಮಾಲ ತಾಯಣ್ಣನಿಗೆ ದೇವರು ಎರಡನ್ನು ಧಾರಾಳವಾಗಿ ಕೊಟ್ಟಿದ್ದ: ಮುಂಗೈ ಬಲ ಮತ್ತು ಅನುಮಾನ. ಮುಂಗೈಗೆ ಆಗಾಗ ವಿಶ್ರಾಂತಿ ಸಿಗುತ್ತಿತ್ತು, ಅನುಮಾನಕ್ಕೆ ಸಿಗುತ್ತಿರಲಿಲ್ಲ. ಚಹಾ ತೆಳ್ಳಗಿದ್ದರೆ ಹೋಟೆಲಿನವನು ತನಗೊಬ್ಬನಿಗೇ ನೀರು ಬೆರೆಸಿದ್ದಾನೆ ಎನ್ನುವನು. ಇಬ್ಬರು ನಕ್ಕರೆ ತನ್ನನ್ನೇ ನೋಡಿ ನಕ್ಕರು ಎನ್ನುವನು. ಹೊರಗಿನವರ ಮೇಲೆ ಬಂದ ಅನುಮಾನವನ್ನು ಹೇಗೋ ನುಂಗಿಕೊಳ್ಳುತ್ತಿದ್ದ. ಹೆಂಡತಿ ಅಯ್ಯಮ್ಮನ ಮೇಲೆ ಬಂದದ್ದನ್ನು ಮಾತ್ರ ನುಂಗುತ್ತಿರಲಿಲ್ಲ. ಅವಳ ಮಣಿಕಟ್ಟು ಹಿಡಿದು, "ಯಾರ ಕೂಡ ಮಾತಾಡಾಕತ್ತಿದ್ದಿ?" ಎಂದು ಕೇಳುವನು. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ತನಗೆ ಒಪ್ಪುವ ಉತ್ತರ ಬರುವತನಕ ಬಿಡುತ್ತಿರಲಿಲ್ಲ, ಅಷ್ಟೇ. ಇದನ್ನು ಅವನು ತನ್ನ ಒಳ್ಳೆಯತನವೆಂದೇ ತಿಳಿದಿದ್ದ.

"ನಿನ್ನ ಕೈಯಾಗ ಬಳಿ ಯಾಕ ನಿಂದ್ರಂಗಿಲ್ಲಬೇ?" ಎಂದು ಬಳೆ ಇಡಿಸುವ ಸೂಗಮ್ಮ ಕೇಳುತ್ತಿದ್ದಳು. ರೊಟ್ಟಿ ಬಡಿಯುವಾಗ ಒಡೆದವು ಎನ್ನುತ್ತಿದ್ದಳು ಅಯ್ಯಮ್ಮ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಮಾನ್ವಿಯ ಲಾರಿ ಕ್ಲೀನರ್ ಮೀರಾಹುಸೇನ ಪಂಜಾದಲ್ಲಿ ತಾಯಣ್ಣನನ್ನು ಸೋಲಿಸಿದ. ಅಂಡಿಗೆಯ ಮೇಲೆ ಮೊಣಕೈ ಊರಿ, ಎದುರಾಳಿಯ ಅಂಗೈ ಹಿಡಿದು, ಅವನ ಕೈಯನ್ನು ಮಗ್ಗುಲಿಗೆ ಮಲಗಿಸುವ ಆಟ ಅದು. ಊಟದ ಹೊತ್ತಿನಲ್ಲಿ ಹಮಾಲರಿಗೆ ಮೋಜು. ತಾಯಣ್ಣನಿಗೆ ಮಾತ್ರ ಮಾನದ ಪ್ರಶ್ನೆ. "ಅಂವ ಕೈಗೆ ಏನೋ ಸವರಿಕೊಂಡು ಬಂದಿದ್ದ. ಇಲ್ಲಾ ತಾಯಿತ ಕಟ್ಟಿಸಿಕೊಂಡಾನ" ಎಂದು ಊರೆಲ್ಲ ಹೇಳಿದ. ನಂಬಿದವರು ಯಾರೂ ಇಲ್ಲ.

ಕೊನೆಗೆ ಗ್ಯಾರೇಜಿನ ಶಂಶುದ್ದೀನ್ ಅವನಿಗೊಂದು ಮಿಷನ್ ಮಾಡಿಕೊಟ್ಟ. ಎರಡು ಗಿಡ್ಡ ಕಂಬ, ನಡುವೆ ಕಬ್ಬಿಣದ ಉಂಗುರಗಳಲ್ಲಿ ತಿರುಗುವ ಕೋಲು, ಕೋಲಿಗೆ ಹಗ್ಗ, ಹಗ್ಗದ ತುದಿಗೆ ಒಡೆದ ಬೀಸುಕಲ್ಲಿನ ಹೋಳು. ಎರಡೂ ಮುಷ್ಟಿಯಿಂದ ಕೋಲು ತಿರುವುತ್ತ ಹೋದರೆ ಕಲ್ಲು ಮೇಲೇಳುತ್ತದೆ, ಮುಂಗೈ ಹುರಿಗೊಳ್ಳುತ್ತದೆ. ಅಂಗೈಯಲ್ಲಿ ಹಿಂಡುವುದಕ್ಕೆ ಹಳೆಯ ಮೋಟಾರಿನ ಒಂದು ಸ್ಪ್ರಿಂಗನ್ನೂ ಕೊಟ್ಟ.

"ದಿನಾ ನೂರು ಸುತ್ತು ತಿರುವು. ಆರು ತಿಂಗಳದಾಗ ಆನಿ ಸೊಂಡಿ ಹಿಡಿದು ನಿಲ್ಲಸ್ತಿ" ಎಂದ ಶಂಶುದ್ದೀನ್.

"ಇಂಥಾದ್ದ ಮೀರಾಹುಸೇನಗೂ ಮಾಡಿಕೊಟ್ಟಿಯೇನು?"

ಶಂಶುದ್ದೀನ್ ಹಣೆ ಬಡಿದುಕೊಂಡ.

ತಾಯಣ್ಣ ಮಿಷನ್ನನ್ನು ಹಿಂದಿನ ಕೋಣೆಯಲ್ಲಿ ನಿಲ್ಲಿಸಿ, ಗಂಜಿಗೆ ಹೋಗುವ ಮುಂಚೆ ದಿನಾ ತಿರುವಿದ. ಕೈ ಬಲಿಯಿತು. ಮನೆಯಲ್ಲಿ ಅವನ ಪ್ರಶ್ನೆಗಳೂ ಉದ್ದವಾದವು. ಈಗ ಅವನು ಬಿಟ್ಟ ಮೇಲೆ ಅಯ್ಯಮ್ಮನ ಬೆರಳು ಬಹಳ ಹೊತ್ತು ಜೋಮು ಹಿಡಿದಿರುತ್ತಿದ್ದವು, ಹಿಟ್ಟು ನಾದಲು ಬರುತ್ತಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಒಂದು ಸಂಜೆ ನೋಡಿದರೆ, ಅವನು ಯಾವಾಗಲೂ ಗೋಡೆಯ ಕಡೆ ಸುತ್ತಿಡುವ ಹಗ್ಗ ಬಾಗಿಲ ಕಡೆ ಸುತ್ತಿತ್ತು. ಅಂದರೆ ತಾನಿಲ್ಲದಾಗ ಮನೆಗೆ ಒಬ್ಬ ಗಂಡಸು ಬರುತ್ತಾನೆ! ಮಿಷನ್ ತಿರುವಿ ಹೋಗುವಷ್ಟು ಸಲಿಗೆ ಅವನಿಗೆ!

ಅಯ್ಯಮ್ಮನ ಕೈ ಹಿಡಿದ. "ಯಾರ ಬಂದಿದ್ರು?"

"ಯಾರೂ ಬಂದಿಲ್ಲರೀ."

ಎಷ್ಟು ಹಿಡಿದರೂ ಅದೇ ಉತ್ತರ. ಭಾನಾಮತಿ ಮಾಟದ ಭಯಕ್ಕೆ ಅವನ ತಾಯಿ ಹಿಂದೆ ಮಾಡುತ್ತಿದ್ದ ಉಪಾಯ ನೆನಪಾಯಿತು. ಮರುದಿನ ಒಲೆಯ ಬೂದಿಯನ್ನು ಜರಡಿ ಹಿಡಿದು ಕೋಣೆಯ ನೆಲದ ಮೇಲೆ ಚೆಲ್ಲಿ ಹೋದ. ಸಂಜೆ ಮಿಷನ್ನಿನ ಮುಂದೆ ಎರಡು ಹೆಜ್ಜೆ ಚೊಕ್ಕವಾಗಿ ಮೂಡಿದ್ದವು. ನೂಲು ಹಿಡಿದು ಅಳೆದು ಗಂಟು ಹಾಕಿದ. ಹೆಜ್ಜೆ ಸಣ್ಣದು. ಹಾಗಾದರೆ ಬರುವವನು ಎಳೆಯ ಪ್ರಾಯದವನೇ ಎಂದು ಖಾತ್ರಿ ಮಾಡಿಕೊಂಡ!

ಎಂಟು ದಿನ ನೂಲು ಹಿಡಿದು ಗಂಜಿನ ಕಾಲುಗಳನ್ನೆಲ್ಲ ಅಳೆದ. ಅಂಡಿಗೆಗೆ ಒರಗಿ ಮಲಗಿದ್ದ ಹಮಾಲ ಆದೆಪ್ಪ ಕಣ್ಣು ಬಿಟ್ಟು, "ಏನಪಾ, ನನಗ ಚಪ್ಪಲಿ ಹೊಲಿಸಾಂವೇನು?" ಎಂದ. ತಾಯಣ್ಣ ಬಸ್ಸು ಹತ್ತಿ ಮಾನ್ವಿಗೂ ಹೋಗಿ ಬಂದ. ಮೀರಾಹುಸೇನನ ಕಾಲು ಹಲಗೆಯಷ್ಟು ಅಗಲವಿತ್ತು, ನೂಲು ಅರ್ಧಕ್ಕೂ ಬರಲಿಲ್ಲ. ಮನೆಯೊಳಗೇ ದಿನವಿಡೀ ತಿರುಗುವ ಕಾಲುಗಳು ಈ ಜಾಣನಿಗೆ ಹೊಳೆಯಲೇ ಇಲ್ಲ.

ಒಂಬತ್ತನೆಯ ದಿನ ಕೆಲಸ ಬಿಟ್ಟು ಮಧ್ಯಾಹ್ನವೇ ಮನೆಗೆ ನುಗ್ಗಿದ. ಹಿಂದಿನ ಕೋಣೆಯಲ್ಲಿ ಕೋಲು ಕಿರುಗುಡುತ್ತಿತ್ತು. ಬಾಗಿಲು ದೂಡಿದ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆವರಿಳಿಸುತ್ತ ಅಯ್ಯಮ್ಮ ಕೋಲು ತಿರುವುತ್ತಿದ್ದಳು. ಕಲ್ಲು ಅವಳ ಮೊಣಕಾಲಿನ ಮಟ್ಟ ದಾಟಿತ್ತು.

ಇಷ್ಟನ್ನು ಕಣ್ಣಾರೆ ಕಂಡ ಮೇಲೂ ಅವನ ಬಾಯಿಂದ ಬಂದದ್ದು ಏನು? ಅವಳ ಮಣಿಕಟ್ಟು ಹಿಡಿದು, "ಯಾರ ಕಲಿಸ್ಯಾರ ನಿನಗ ಇದನ್ನ? ಹೇಳು!" ಎಂದ.

ಅಯ್ಯಮ್ಮ ಈ ಸಲ ಮುಷ್ಟಿ ಬಿಗಿದು, ಅವನ ಹೆಬ್ಬೆರಳಿನ ಕಡೆಗೆ ಕೈ ತಿರುವಿ ಒಮ್ಮೆ ಜಗ್ಗಿದಳು. ಕೈ ಹೊರಗೆ ಬಂತು. ತಾಯಣ್ಣ ತನ್ನ ಬರಿಗೈ ನೋಡಿಕೊಂಡ. ನಾಚಿಕೆಗಿಂತ ಮೊದಲು ಅವನಿಗೆ ಭಯವಾಯಿತು.

"ಬೂದಿ ಕಂಡಿತ್ತು ನನಗ. ಬೇಕಂತಲೇ ತುಳಿದೆ" ಎಂದಳು ಅಯ್ಯಮ್ಮ. "ಊರ ಮಂದಿ ಕಾಲೆಲ್ಲ ಅಳದ್ರಿ. ನನ್ನ ಕೈ ಯಾಕ ಬಾತದ ಅಂತ ಒಂದಿನ ನೋಡ್ಲಿಲ್ಲ."

ಆ ಹೊತ್ತೇ ಎರಡು ಸೀರೆ ಗಂಟು ಕಟ್ಟಿಕೊಂಡು ದೇವದುರ್ಗದ ಬಸ್ಸು ಹತ್ತಿದಳು. ಅವಳ ತವರು ಅಲ್ಲಿಯೇ. ತಡೆಯಬೇಕೆಂದು ತಾಯಣ್ಣನಿಗೆ ಅನಿಸಿತು, ಕೈ ಏಳಲಿಲ್ಲ. ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಯಾರು ಕೂತಿದ್ದರೋ ಎಂದು ಎರಡು ದಿನ ಕುದಿದ. ಮೂರನೆಯ ದಿನ ಅಳು ಬಂತು. ಮರುದಿನ ದೇವದುರ್ಗಕ್ಕೆ ಹೋದ.

ಅಯ್ಯಮ್ಮ ಒಲೆಯ ಮುಂದಿದ್ದಳು. ರೂಢಿಯಂತೆ ಅವನ ಕೈ ಮುಂದೆ ಬಂತು.

"ಮೊದಲ ಕೈ ಹಿಂದಕ ಕಟ್ಟಿಕೊಂಡು ನಿಂದ್ರಿ. ಆಮ್ಯಾಲ ಕೇಳ್ರಿ, ಏನ ಕೇಳೋದದ."

ಅತ್ತೆ ಮಾವಂದಿರ ಎದುರಿಗೇ ತಾಯಣ್ಣ ಕೈ ಹಿಂದಕ್ಕೆ ಕಟ್ಟಿಕೊಂಡ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪ್ರಶ್ನೆಗಳಲ್ಲಿ ಒಂದೂ ನೆನಪಾಗಲಿಲ್ಲ.

"ಬರ್ತಿಯೇನು?" ಎಂದ.

ಅಯ್ಯಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಇನ್ನಾ ಗೊತ್ತಿಲ್ಲ" ಎಂದಳು.