ಕ್ಯಾರಿಯರಿಗೆ ಕಟ್ಟಿದ ಕಂಬಳಿ

ಹೋದ ವಾರ ಒಬ್ಬರಿಗೆ ಸೈಕಲ್ ತೆಗೆಯಲು ಹೇಳಿದೆ. ಕಮಿಟಿ ಮೆಂಬರಾಗಿ ನಾನು ಮಾಡಿದ ಘನಕಾರ್ಯ ಅದು.

ನಮ್ಮ ಶಿವಮೊಗ್ಗದಲ್ಲಿ ದಿಕ್ಕಿಲ್ಲದ ಮಕ್ಕಳ ವಿಚಾರ ನೋಡಲು ಒಂದು ಕಮಿಟಿ ಇದೆ. ಐದು ಜನ, ಅದರಲ್ಲಿ ನಾನೂ ಒಬ್ಬ. (ಪೇಪರಿನಲ್ಲಿ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆಂದು ಯಾರೋ ಪುಣ್ಯಾತ್ಮರು ನಂಬಿದ್ದಾರೆ.) ಮಂಗಳವಾರ ಆರು ವರ್ಷದ ಹುಡುಗಿಯೊಬ್ಬಳ ಕೇಸು ಬಂತು. ತಾಯಿ ಇಲ್ಲ. ಅಪ್ಪ ಕುಡಿದು ಬಂದು ಬೆಲ್ಟಿನಲ್ಲಿ ಹೊಡೆಯುತ್ತಾನೆ. ಮಗುವನ್ನು ಅವನ ಕೈಯಿಂದ ಬಿಡಿಸಬೇಕು, ಸರಿಯೇ. ಬಿಡಿಸಿ ಯಾರಿಗೆ ಕೊಡಬೇಕು?

ಫಾರಂ ನೋಡಿದೆವು. 'ತಂದೆಯ ಕಡೆಯ ಬಂಧುಗಳು' ಎಂದು ಒಂದು ಕಾಲಂ. ಅಜ್ಜ, ದೊಡ್ಡಪ್ಪ ಇಬ್ಬರೂ ತಮ್ಮಿಂದಾಗದು ಎಂದು ಬರೆದುಕೊಟ್ಟಿದ್ದರು. ತಾಯಿಯ ಕಡೆಗೆ ಕಾಲಮೇ ಇಲ್ಲ. ಯಾಕಿಲ್ಲ ಎಂದು ಕೇಳಲು ನಮಗೂ ಹೊಳೆಯಲಿಲ್ಲ. ಕಾಫಿ ಆರುವುದರೊಳಗೆ ದೂರದ ಊರಿನ ಅನಾಥಾಲಯಕ್ಕೆ ಬರೆದು ಸಹಿ ಹಾಕಿದೆವು. ಮಾರನೆಯ ಬೆಳಿಗ್ಗೆಯೇ ಮಗುವನ್ನು ರೈಲು ಹತ್ತಿಸಿದರು.

ಸಹಿ ಹಾಕಿ ಹೊರಗೆ ಬಂದರೆ ನನ್ನ ಸೈಕಲ್ಲಿಗೆ ಅಡ್ಡವಾಗಿ ಇನ್ನೊಂದು. ಬೆಂಚಿನ ಮೇಲೆ ಕೂತಿದ್ದ ಖಾಕಿ ಅಂಗಿಯವರಿಗೆ ತೆಗೆಯಿರಿ ಎಂದು ಸಿಡುಕಿದೆ. ತೆಗೆದರು. ಕ್ಯಾರಿಯರಿನ ಮೇಲೆ ಕಂಬಳಿ ಮಡಚಿ ಹಗ್ಗದಲ್ಲಿ ಬಿಗಿದಿತ್ತು. ಯಾಕೆ ಬಂದಿರಿ ಎಂದು ಕೇಳುವ ಬುದ್ಧಿ ನನಗೆಲ್ಲಿ ಬರಬೇಕು?

ಶನಿವಾರ ಅವರೇ ವಿಳಾಸ ಹುಡುಕಿಕೊಂಡು ಮನೆಗೆ ಬಂದರು. ಹೆಸರು ರುದ್ರಪ್ಪ. ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ. ಆ ಹುಡುಗಿಯ ಸೋದರಮಾವ! ಮಂಗಳವಾರ ಶಿಫ್ಟಿಗೆ ರಜ ಹಾಕಿ, ಮಾಚೇನಹಳ್ಳಿ ದಾಟಿ ಸೈಕಲ್ ತುಳಿದು ಬಂದು ಕಾದಿದ್ದರಂತೆ. ಲಿಸ್ಟಿನಲ್ಲಿ ಹೆಸರಿಲ್ಲವೆಂದು ಜವಾನ ಒಳಗೆ ಬಿಡಲಿಲ್ಲವಂತೆ.

"ಮಗೂಗೆ ಕ್ಯಾರಿಯರ್ ಕಂಬಿ ಒತ್ತುತ್ತೆ ಅಂತ ಕಂಬಳಿ ಕಟ್ಕೊಂಡು ಬಂದಿದ್ದೆ ಸ್ವಾಮಿ. ನೀವೊಂದು ಮಾತು ಕೇಳಿದ್ರೆ ಸಾಕಿತ್ತು" ಎಂದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸೋಮವಾರ ಅಧ್ಯಕ್ಷರ ಬಳಿ ಓಡಿದೆ. ಆರ್ಡರ್ ಆಗಿಹೋಗಿದೆ ಮಾರಾಯ, ಆರು ತಿಂಗಳು ಬಿಟ್ಟು ಅರ್ಜಿ ಹಾಕಲಿ ಎಂದರು. ಅಷ್ಟಕ್ಕೂ ಸೋದರಮಾವ ಎಂದರೆ ಹೊರಗಿನವನಲ್ಲವೇ ಎಂದೂ ಕೇಳಿದರು.

ಹೊರಗಿನವನೇ? ಮಗುವಿಗೆ ಕಿವಿ ಚುಚ್ಚಿಸಲು ಸೋದರಮಾವ ಬರುವ ತನಕ ಅಕ್ಕಸಾಲಿಯನ್ನು ಕಾಯಿಸುವ ಜನ ನಾವು. ಅವನ ತೊಡೆಯೇ ಬೇಕು ನಮಗೆ. ಈ ಹುಡುಗಿಯೂ ಕಿವಿ ಚುಚ್ಚಿಸಿಕೊಂಡು ಅತ್ತದ್ದು ರುದ್ರಪ್ಪನವರ ತೊಡೆಯ ಮೇಲೆಯೇ ಅಂತೆ. ಮಗು ಅಳುವ ಹೊತ್ತಿಗೆ ಅವರು ಬೇಕು, ಮಗು ಎಲ್ಲಿರಬೇಕು ಎನ್ನುವುದಕ್ಕೆ ಮಾತ್ರ ಬೇಡ. ಅದನ್ನು ನಿರ್ಧರಿಸಲು ನಾವಿದ್ದೇವಲ್ಲ, ಕಾಫಿ ಕುಡಿಯುವ ಐದು ಜನ!

ನಮ್ಮ ಐವರಲ್ಲಿ ಒಬ್ಬರಾದರೂ ಮಗುವಿನ ಮುಖ ನೋಡಿದ್ದೆವೇ?